ಮಿಷನಮ್ಮ ನೋಡಿದ್ದ ಕೊಂಡಿ

ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಇಬ್ಬರೋ ಮೂವರೋ ಇದ್ದಾರು. ಮಿಕ್ಕವರಿಗೆಲ್ಲ ಅವಳು ಮಿಷನಮ್ಮ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅಪ್ಪನ ಮಗ್ಗುಲಲ್ಲಿ ಕೂತು ಏಳನೆಯ ವಯಸ್ಸಿಗೇ ಬಾಬಿನ್ ಕೇಸು ಬಿಚ್ಚಿ ಜೋಡಿಸಲು ಕಲಿತವಳು. ಇಪ್ಪತ್ತೆರಡರಲ್ಲಿ ಒಬ್ಬ ದರ್ಜಿಯ ಯಂತ್ರ ನೋಡಲು ಹೋದಳು. ಒಂದೇ ತಿಂಗಳಲ್ಲಿ ಆ ಯಂತ್ರ ಮೂರು ಸಲ ಕೆಟ್ಟಿತು. ಮೂರನೆಯ ಸಲ ಅದು ತಾನಾಗಿ ಕೆಟ್ಟದ್ದಲ್ಲ, ದರ್ಜಿಯೇ ಸ್ಕ್ರೂ ಸಡಿಲಿಸಿ ಇಟ್ಟಿದ್ದಾನೆ ಎಂದು ಅವಳಿಗೆ ತಿಳಿದುಹೋಯಿತು. ಪಿಟ್ಟೆನ್ನದೆ ಬಿಗಿಮಾಡಿ ಬಂದಳು. ಆರು ತಿಂಗಳಿಗೆ ಇಬ್ಬರಿಗೂ ಮದುವೆಯಾಯಿತು.

ಈಗ ಗಂಡಹೆಂಡಿರದು ಅಕ್ಕಪಕ್ಕದ ಅಂಗಡಿ. ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಆ ಕಡೆಯಿಂದ ಮೊಂಡು ಕತ್ತರಿ ಬರುತ್ತದೆ, ಈ ಕಡೆಯಿಂದ ಹರಿತವಾಗಿ ಹೋಗುತ್ತದೆ. ಚಹಾದ ಲೋಟ ಎರಡೂ ಕಡೆಗೆ ಓಡಾಡುತ್ತದೆ. ಅವನ ಕಡೆ ಬಟ್ಟೆಯ ನಾರು, ಇಸ್ತ್ರಿಯ ಬಿಸಿ. ಇವಳ ಕಡೆ ಗ್ರೀಸು, ಪೆಟ್ರೋಲು, ಗೋಡೆಯ ತುಂಬ ಮೊಳೆಗಳು, ಪ್ರತಿ ಮೊಳೆಗೂ ಒಂದೊಂದು ಸ್ಪ್ಯಾನರು.

ಹೊಲಿಗೆ ಯಂತ್ರಗಳು ಕಡಿಮೆಯಾಗುತ್ತ ಬಂದ ಹಾಗೆ ಊರಿಗೆ ಹುಲ್ಲು ಕತ್ತರಿಸುವ ಮಿಷನ್‌ಗಳು ಬಂದವು. ಉದ್ದನೆಯ ಕೊಳವೆ, ಒಂದು ತುದಿಯಲ್ಲಿ ಪುಟ್ಟ ಎಂಜಿನ್, ಇನ್ನೊಂದು ತುದಿಯಲ್ಲಿ ಗಿರಗಿರ ತಿರುಗುವ ತಲೆ, ತಲೆಯಿಂದ ಹೊರಚಾಚಿದ ಎರಡು ಎಳೆ ನೈಲಾನ್ ದಾರ. ಹೆಗಲಿಗೆ ಪಟ್ಟಿ ಹಾಕಿಕೊಂಡು ಬೀಸಿದರೆ ಹುಲ್ಲು ಮಲಗುತ್ತದೆ. ಇವನ್ನು ರಿಪೇರಿ ಮಾಡುವವರು ಸುತ್ತಮುತ್ತ ಇರಲಿಲ್ಲ. ಮಿಷನಮ್ಮ ಒಂದನ್ನು ಬಿಚ್ಚಿ, ನೆಲದ ಮೇಲೆ ಸಾಲಾಗಿ ಹರವಿ, ಮೂರು ದಿನ ಅದರ ಮುಂದೆ ಕೂತಳು. ನಾಲ್ಕನೆಯ ದಿನ ಕಲಿತಳು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದಳು. "ಇದಕ್ಕೆ ಗಂಟಲು ಕಟ್ಟಿದೆ" ಎಂದರೆ ಕಾರ್ಬುರೇಟರಿನಲ್ಲಿ ಕಸ. "ಇದು ಸುಮ್ನೆ ನಾಟ್ಕ ಮಾಡ್ತಿದೆ" ಎಂದರೆ ಪ್ಲಗ್ಗು ಒರೆಸಿದರೆ ಸಾಕು. ಎಂತಹ ಡಬ್ಬಾ ಮಿಷನ್ ತಂದಿಟ್ಟರೂ ಅವಳು 'ಆಗಲ್ಲ' ಎಂದದ್ದನ್ನು ಯಾರೂ ಕೇಳಿರಲಿಲ್ಲ. ಅವಳ ಹೆಮ್ಮೆಯೆಲ್ಲ ಆ ಒಂದು ಮಾತನ್ನು ಆಡದೆ ಉಳಿದದ್ದರಲ್ಲೇ ಇತ್ತು.

ಉದ್ಯಾನದ ಮಾಲಿಯೂ ಅವಳ ಗಿರಾಕಿ. ಕಡ್ಡಿಯಂಥ ಮನುಷ್ಯ, ದನಿ ಮಾತ್ರ ಡೋಲು. ದಿನವಿಡೀ ಎಂಜಿನ್ ಹೊತ್ತು ತಿರುಗಿ, ಮೆಲ್ಲಗೆ ಮಾತಾಡುವುದೇ ಅವನಿಗೆ ಮರೆತುಹೋಗಿತ್ತು. ಉದ್ಯಾನದ ಹಿಂಬದಿಗೆ ಒಂದು ಇಳಿಜಾರು. ಅಲ್ಲಿ ಹುಲ್ಲಿಗಿಂತ ಮುಳ್ಳುಪೊದೆ ಹೆಚ್ಚು, ಪೊದೆಗಿಂತ ಕಲ್ಲು ಹೆಚ್ಚು. ದಾರ ಕಲ್ಲಿಗೆ ಬಡಿದಾಗಲೆಲ್ಲ ತುಂಡಾಗುತ್ತಿತ್ತು. ಎರಡು ದಿನಕ್ಕೊಮ್ಮೆ ಅಂಗಡಿಗೆ ಬಂದು ನಿಲ್ಲುತ್ತಿದ್ದ.

"ಅಮ್ಮಾ, ಇದು ದಾರಾನೋ ಶಾವಿಗೇನೋ? ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಇಲ್ಲ. ನನ್ನ ಅರ್ಧ ಆಯಸ್ಸು ದಾರ ಸುತ್ತೋದ್ರಲ್ಲೇ ಹೋಯ್ತು. ಇದಕ್ಕೇನಾದ್ರೂ ದಾರಿ ಮಾಡಿ."

"ಮಾಡೋಣ ಬಿಡಪ್ಪ" ಎಂದಳು ಮಿಷನಮ್ಮ.

ಆ ದಾರಿ ಒಂದು ಬಣ್ಣದ ಕರಪತ್ರದಲ್ಲಿ ಕಾಣಿಸಿತು. ಬಿಡಿಭಾಗ ಮಾರುವವನೊಬ್ಬ ಕಳಿಸಿದ್ದ. ಅಂಗೈಯಗಲದ ಉಕ್ಕಿನ ತಟ್ಟೆ, ಅದರ ಅಂಚಿಗೆ ಮೂರು ತುಂಡು ಸರಪಳಿ, ಪ್ರತಿ ತುಂಡಿನಲ್ಲೂ ರಿವೆಟ್ ಹೊಡೆದು ಪೋಣಿಸಿದ ನಾಲ್ಕಾರು ಕೊಂಡಿ. ದಾರದ ತಲೆ ತೆಗೆದು ಇದನ್ನು ಹಾಕಿದರೆ ಪೊದೆ, ಮುಳ್ಳು, ಬೆರಳು ದಪ್ಪದ ಕಾಂಡ ಎಲ್ಲ ನುಚ್ಚುನೂರು ಎಂದು ಬರೆದಿತ್ತು. ಒಂದು ಪೆಟ್ಟಿಗೆ ತರಿಸಿದಳು. ಅದರಲ್ಲಿ ಹನ್ನೆರಡು ಇದ್ದವು.

ಪೆಟ್ಟಿಗೆ ಹೊತ್ತು ತಂದವಳು ಟಪಾಲಕ್ಕ. ಹದಿನೆಂಟು ವರ್ಷದಿಂದ ಆ ಬೀದಿಗಳಲ್ಲಿ ನಡೆದು ಕಾಗದ ಹಂಚುತ್ತಿದ್ದ ಹೆಂಗಸು. ಸೈಕಲ್ ಕೊಡುತ್ತೇವೆಂದರೂ ಬೇಡವೆಂದವಳು. ಮಿಷನಮ್ಮನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ಆದರೂ ಇಬ್ಬರದೂ ಹೋಗೇ ಬಾರೇ ಎನ್ನುವ ಸಲಿಗೆ. ದಿನಾ ಹನ್ನೊಂದಕ್ಕೆ ಕಿಂಡಿಯ ಪಕ್ಕ ನಿಂತು ಅರ್ಧ ಲೋಟ ಚಹಾ ಕುಡಿದೇ ಮುಂದಿನ ಬೀದಿಗೆ ಹೋಗುತ್ತಿದ್ದಳು.

"ಏನಕ್ಕ ಇದು, ಕಲ್ಲು ತರಿಸ್ಕೊಂಡಿದೀಯ? ನನ್ನ ಹೆಗಲು ಕಳಚಿ ಬಂತು."

"ಕಲ್ಲಲ್ವೇ, ಕಬ್ಬಿಣ."

"ಮುಂದಿನ ಸಲ ಹತ್ತಿ ತರಿಸ್ಕೊ ಮಾರಾಯ್ತಿ. ನಿನ್ನ ಗಂಡನಿಗಾದ್ರೂ ದಿಂಬು ಆಗುತ್ತೆ."

ಪೆಟ್ಟಿಗೆಯ ಮೇಲೆ ಮಾಡಿದವರ ಹೆಸರಿರಲಿಲ್ಲ, ವಿಳಾಸವೂ ಇರಲಿಲ್ಲ. ಒಳಗೊಂದು ಚೀಟಿ, ಅದರಲ್ಲಿ ಬೂಟು, ಕನ್ನಡಕ, ದೂರದಲ್ಲಿ ನಿಂತ ಒಬ್ಬ ಮನುಷ್ಯನ ಚಿತ್ರ, ಅವನ ಮೇಲೊಂದು ಕೆಂಪು ಗೀಟು. ಕೆಳಗೆ ಇರುವೆ ಸಾಲಿನಂಥ ಅಕ್ಷರ. ಅವಳ ಓದುವ ಕನ್ನಡಕ ಒಳಕೋಣೆಯಲ್ಲಿತ್ತು. ಅವಳು ಚೀಟಿಯಿಂದ ಕೈಯ ಎಣ್ಣೆ ಒರೆಸಿಕೊಂಡಳು.

ತಟ್ಟೆ ಮಾಲಿಯ ಮಿಷನ್‌ಗೆ ಸರಿಯಾಗಿ ಕೂರಲಿಲ್ಲ. ತಿರುಗುವ ತಲೆಗೂ ಹಿಡಿದವನ ಕಾಲಿಗೂ ನಡುವೆ ಒಂದು ಪ್ಲಾಸ್ಟಿಕ್ ಗಾರ್ಡು ಇರುತ್ತದೆ. ಸರಪಳಿ ಅದಕ್ಕೆ ತಾಗುತ್ತಿತ್ತು. ಕಂಪನಿಯ ಪುಸ್ತಕದಲ್ಲಿ, ನಾವು ಹೇಳಿದ ತಲೆಯ ಹೊರತು ಬೇರೇನನ್ನೂ ಹಾಕಬೇಡಿ, ಗಾರ್ಡು ಮುಟ್ಟಬೇಡಿ ಎಂದು ದಪ್ಪಕ್ಷರದಲ್ಲಿ ಬರೆದದ್ದು ಅವಳಿಗೆ ಗೊತ್ತಿತ್ತು. ತಮ್ಮ ಸಾಮಾನೇ ಮಾರಾಟವಾಗಲಿ ಅಂತ ಎಲ್ಲರೂ ಹಾಗೆ ಬರೆದುಕೊಳ್ಳುತ್ತಾರೆ ಎಂದುಕೊಂಡಳು. ಗರಗಸ ತೆಗೆದು ಗಾರ್ಡನ್ನು ನಾಲ್ಕು ಬೆರಳಿನಷ್ಟು ಕೊಯ್ದಳು. ಕೊಯ್ದ ಅಂಚು ಮಾಲಿಯ ಪ್ಯಾಂಟಿಗೆ ಸಿಕ್ಕಿಕೊಳ್ಳದಿರಲಿ ಎಂದು ಅರ ಹಾಕಿ ನುಣ್ಣಗೆ ಮಾಡಿದಳು.

ಮರುದಿನ ಮಧ್ಯಾಹ್ನ ಮಾಲಿ ಬಾಗಿಲಲ್ಲೇ ಕೂಗಿದ. "ಅಮ್ಮಾ! ಒಂದು ವಾರದ ಕೆಲ್ಸ ಒಂದೇ ಹೊತ್ತಿಗೆ ಆಯ್ತು! ಆ ಮುಳ್ಳು ನನ್ನ ಕಂಡ್ರೆ ಈಗ ತಾನಾಗೇ ಮಲಗುತ್ತೆ!" ಅವನ ದನಿ ಬೀದಿಗೆಲ್ಲ ಕೇಳಿಸಿತು. ಒಬ್ಬರ ಹಿಂದೆ ಒಬ್ಬರು ಬಂದರು. ಸಸಿ ಮಾರುವ ಅತ್ತೆ ಸೊಸೆ ಬಂದರು, ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಬಂದರು, ಕೋಳಿ ಸಾಕುವವನು ಬಂದ, ಕಾರ್ಖಾನೆಯ ಕಾವಲುಗಾರ ಬಂದ. ಎರಡು ತಿಂಗಳಲ್ಲಿ ಹನ್ನೊಂದು ತಲೆ ಹೋದವು. ಹನ್ನೊಂದು ಗಾರ್ಡು ಕೊಯ್ದಳು. ಹನ್ನೆರಡನೆಯದು ತೋರಿಸಲಿಕ್ಕೆಂದು ಗೋಡೆಯ ಮೊಳೆಗೆ ನೇತುಬಿತ್ತು.

ಮೂರನೆಯ ತಿಂಗಳಲ್ಲಿ ಮಾಲಿ ಸರ್ವಿಸ್‌ಗೆಂದು ಮಿಷನ್ ತಂದ. ಆವತ್ತು ಅಂಗಡಿಯಲ್ಲಿ ಐದು ಮಿಷನ್ ಸಾಲಾಗಿ ಬಿದ್ದಿದ್ದವು. "ಬೇಗ ಮಾಡಿಕೊಡಿ ಅಮ್ಮಾ, ನಾಳೆ ದೊಡ್ಡ ಸಾಹೇಬರು ನೋಡೋಕೆ ಬರ್ತಾರೆ" ಎಂದು ಮಾಲಿ ತಲೆಯ ಮೇಲೆ ನಿಂತಿದ್ದ. ಫಿಲ್ಟರ್ ತೊಳೆದಳು, ಪ್ಲಗ್ ಉಜ್ಜಿದಳು, ಕೊನೆಗೆ ಸರಪಳಿಯ ತಲೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿದಳು. ಒಂದು ಕೊಂಡಿಯ ರಿವೆಟ್ ಸವೆದು ಮೊಳೆಯ ತುದಿಯಷ್ಟಾಗಿತ್ತು. ಕೊಂಡಿಯ ಕಿವಿಯಲ್ಲಿ, ರಿವೆಟ್ ಕೂರುವ ತೂತಿನ ಅಂಚಿಗೆ, ಕೂದಲೆಳೆಯಂಥ ಬಿರುಕು. ಅದರ ಮೇಲೆ ಉಗುರು ಎಳೆದು ನೋಡಿದಳು; ಉಗುರು ಸಿಕ್ಕಿಕೊಂಡಿತು.

ಬೆನ್ನ ಹಿಂದೆ ಮೊಳೆಯ ಮೇಲೆ ಹೊಸ ತಲೆ ಇತ್ತು. ಬದಲಾಯಿಸಲು ಹತ್ತು ನಿಮಿಷ ಸಾಕಿತ್ತು.

"ಆಯ್ತಾ ಅಮ್ಮಾ?"

ಇನ್ನೊಂದು ವಾರ ಬರುತ್ತೆ, ಮುಂದಿನ ಸಲ ಬಂದಾಗ ನೋಡಿದರಾಯಿತು ಎಂದುಕೊಂಡಳು. "ಆಯ್ತು, ತಗೊಂಡು ಹೋಗು" ಎಂದಳು. ಅವನು ಹೊತ್ತುಕೊಂಡು ಹೋದ.

ಅದಾದ ಆರನೆಯ ದಿನ ಬುಧವಾರ. ಹನ್ನೊಂದು ದಾಟಿತು, ಟಪಾಲಕ್ಕ ಬರಲಿಲ್ಲ. ಕಿಂಡಿಯಲ್ಲಿ ಇಟ್ಟ ಚಹಾ ಕೆನೆಗಟ್ಟಿತು. ಹನ್ನೊಂದೂವರೆಗೆ ಗಂಡ ಕಿಂಡಿಯಲ್ಲಿ ಮುಖವಿಟ್ಟು, "ಕೇಳಿದ್ಯಾ? ಟಪಾಲಕ್ಕನಿಗೆ ಪಾರ್ಕ್ ಹತ್ರ ಏನೋ ಬಡೀತಂತೆ. ಕಾಲಂತೆ. ಆಸ್ಪತ್ರೆಗೆ ಎತ್ಕೊಂಡು ಹೋದ್ರಂತೆ" ಎಂದ.

"ಏನು ಬಡೀತು?"

"ಮಿಷನ್‌ನಿಂದ ಏನೋ ಹಾರಿ ಬಂತಂತೆ."

ಮಿಷನಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನು ಮೊಳೆಗೆ ತೂಗುಹಾಕಿದಳು. ಏನೋ ಅಲ್ಲ, ಯಾವುದು ಎಂದು ಅವಳಿಗೆ ಗೊತ್ತಿತ್ತು.

ನಡೆದದ್ದು ಇಷ್ಟು. ಮಾಲಿ ಇಳಿಜಾರಿನ ಮೇಲೆ ಪೊದೆ ಬೀಸುತ್ತಿದ್ದ. ಕೆಳಗೆ ತಂತಿಬೇಲಿ, ಬೇಲಿಯಾಚೆ ರಸ್ತೆ, ಆ ರಸ್ತೆಯಲ್ಲಿ ಮಾಲಿಯಿಂದ ಐವತ್ತು ಹೆಜ್ಜೆ ದೂರದಲ್ಲಿ ಟಪಾಲಕ್ಕ ಚೀಲ ಹಾಕಿಕೊಂಡು ಹೋಗುತ್ತಿದ್ದಳು. ಸರಪಳಿ ಕಲ್ಲಿಗೆ ತಾಗಿತು. ದಾರವಾಗಿದ್ದರೆ ತುಂಡಾಗಿ ಅಲ್ಲೇ ಬೀಳುತ್ತಿತ್ತು. ಅಷ್ಟು ಬೇಗ ಹರಿಯುವುದೇ ಅದರ ಒಳ್ಳೆಯ ಗುಣ. ಕಬ್ಬಿಣ ಹಾಗೆ ಸೋಲಲಿಲ್ಲ. ಒಂದು ಕೊಂಡಿ ಕಿತ್ತುಕೊಂಡು ಗುಂಡಿನಂತೆ ಹಾರಿತು. ತಡೆಯಬೇಕಾಗಿದ್ದ ಗಾರ್ಡಿನ ತುಂಡು ಮಿಷನಮ್ಮನ ಕಸದ ಡಬ್ಬಿ ಸೇರಿ ತಿಂಗಳುಗಳಾಗಿದ್ದವು. ಯಾರೋ ಕಲ್ಲು ಹೊಡೆದರು ಅಂದುಕೊಂಡು ಟಪಾಲಕ್ಕ ಬೈಯಲು ತಿರುಗಿದಳಂತೆ. ತಿರುಗಲು ಹೋದರೆ ಕಾಲು ಊರಲಾಗಲಿಲ್ಲ, ಕೂತುಬಿಟ್ಟಳು. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದ ಮಾಲಿ ಏನೂ ಕೇಳಿಸದೆ ಇನ್ನೂ ಎರಡು ಪೊದೆ ಕತ್ತರಿಸಿದ್ದ.

ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿದ ಡಾಕ್ಟರು ತೆಗೆದ ಕೊಂಡಿಯನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಹೊರಗೆ ಕಾದಿದ್ದವರಿಗೆಲ್ಲ ತೋರಿಸಿದರು. "ಇಷ್ಟೇ ಇಷ್ಟು ನೋಡಿ. ಒಂದು ಮೊಳ ಮೇಲೆ ಬಂದಿದ್ರೆ ಹೊಟ್ಟೆ. ನಾನು ಬೇರೆ ಥರ ಮಾತಾಡ್ಬೇಕಾಗ್ತಿತ್ತು." ಹೆಬ್ಬೆರಳ ಉಗುರಿನಷ್ಟಿತ್ತು. ಮಿಷನಮ್ಮ ಬಗ್ಗಿ ನೋಡಿದಳು. ಕೂದಲೆಳೆಯಂಥ ಬಿರುಕು ಈಗ ಬಾಯಿ ತೆರೆದಿತ್ತು.

ಮೂರನೆಯ ದಿನ ಉದ್ಯಾನದ ಸೂಪರ್‌ವೈಸರು ಅಂಗಡಿಗೆ ಬಂದರು. ಒಳ್ಳೆಯ ಮನುಷ್ಯ, ಕಾಗದ, ಪೆನ್ನು ಹಿಡಿದು ಮುಜುಗರದಿಂದಲೇ ಕೇಳಿದರು.

"ಆ ಚೈನಿನ ತಲೆ ಹಾಕಿದ್ದು ನೀವೇನಾ?"

"ನಾನೇ."

"ಗಾರ್ಡು ಕತ್ತರಿಸಿದ್ದು?"

"ನಾನೇ. ಇಲ್ದಿದ್ರೆ ಕೂರ್ತಿರ್ಲಿಲ್ಲ."

"ಹೋದ ವಾರ ಸರ್ವಿಸ್ ಮಾಡಿದ್ರಂತೆ. ಆಗ ತಲೆ ನೋಡಿದ್ರಾ?"

"ನೋಡಿದ್ದೆ" ಎಂದಳು ಮಿಷನಮ್ಮ.

ಸೂಪರ್‌ವೈಸರು ಬರೆದುಕೊಂಡರು. ಓದಿ ಹೇಳಿದರು: "ಸರ್ವಿಸ್ ವೇಳೆ ಪರಿಶೀಲಿಸಲಾಗಿದೆ. ಸರಿ ತಾನೆ?" ಅವಳು ತಲೆಯಾಡಿಸಿದಳು. ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಷ್ಟು ದೊಡ್ಡ ಸುಳ್ಳನ್ನು ಅವಳು ಜನ್ಮದಲ್ಲಿ ಹೇಳಿರಲಿಲ್ಲ.

ತಲೆ ಹಾಕಿಸಿಕೊಂಡವನು ಅವನೇ, ಅದನ್ನು ಪರಿಶೀಲಿಸಿಯೂ ಆಗಿತ್ತು ಎಂದು ಆ ಕಾಗದದ ಪ್ರಕಾರ ತಪ್ಪು ಮಾಲಿಯದಾಯಿತು. ರಸ್ತೆಯಲ್ಲಿ ಜನ ಓಡಾಡುವ ಹೊತ್ತಿನಲ್ಲಿ ಬೇಲಿಯ ಹತ್ತಿರ ಮಿಷನ್ ಓಡಿಸಿದ್ದೇಕೆ ಎಂದು ಕೇಳಿದರು. ಅವನ ಕೈಯಿಂದ ಮಿಷನ್ ಕಿತ್ತುಕೊಂಡು ಗೇಟಿನ ಬಳಿ ಎಲೆ ಗುಡಿಸಲು ಹಾಕಿದರು. ಒಂದು ಸಂಜೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ದನಿಯೇ ಇರಲಿಲ್ಲ.

"ಅಮ್ಮಾ, ನನ್ನ ಕಣ್ಣು ರಸ್ತೆ ಕಡೆ ಇರ್ಬೇಕಿತ್ತು. ಆ ತಾಯಿ ದಿನಾ ಅದೇ ಹೊತ್ತಿಗೆ ಹೋಗ್ತಾರೆ ಅಂತ ನಂಗೊತ್ತಿತ್ತು. ನಾನು ಯಾವ ಜನ್ಮದಲ್ಲಿ ತೀರಿಸ್ಲಿ ಇದನ್ನ?"

"ಸಮಾಧಾನ ಮಾಡ್ಕೋ. ನೀನು ಬೇಕಂತ ಮಾಡಿದ್ದಾ?" ಎಂದಳು. ಅವನು ಕಣ್ಣೊರೆಸಿಕೊಂಡು, "ನೀವೊಬ್ರೇ ನನ್ನ ಬೈಯದೇ ಇರೋರು" ಎಂದು ಎದ್ದುಹೋದ.

ಅಲ್ಲಿಂದ ಮುಂದೆ ಅವಳಿಗೆ ಕೆಲಸ ಹಿಡಿಸಲಿಲ್ಲ. ಸ್ಕ್ರೂಡ್ರೈವರ್ ಕಿವಿಗೆ ಒತ್ತಿಕೊಂಡರೆ ಎಂಜಿನ್ ಏನು ಹೇಳುತ್ತಿದೆಯೋ ತಿಳಿಯುತ್ತಿರಲಿಲ್ಲ. ಬಿಗಿದ ನಟ್ಟನ್ನೇ ಮತ್ತೆ ಬಿಗಿಯುತ್ತಿದ್ದಳು. ಆಸ್ಪತ್ರೆಗೆ ದಿನಾ ಹೋಗುತ್ತಿದ್ದಳು. ಗಂಜಿ, ಹಣ್ಣು, ಬಾಚಣಿಗೆ, ಏನಾದರೊಂದು ಕೈಯಲ್ಲಿ. ಟಪಾಲಕ್ಕನ ಅಣ್ಣನ ಮಗಳು, "ನೋಡಿ, ಒಡಹುಟ್ಟಿದೋರೂ ಹೀಗೆ ಬರಲ್ಲ" ಎಂದು ಹೊಗಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಟಪಾಲಕ್ಕ ಮಾತ್ರ ತಮಾಷೆ ಬಿಟ್ಟಿರಲಿಲ್ಲ. "ಹದಿನೆಂಟು ವರ್ಷದ ನಡಿಗೆಗೆ ಒಟ್ಟಿಗೇ ರಜಾ ಕೊಟ್ರು ಕಣಕ್ಕ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಿಷನಮ್ಮ ಕಿಂಡಿಯ ಹತ್ತಿರ ಹೋಗಿ ನಿಂತಳು. ಗಂಡ ಕಾಜಾ ಹೊಲಿಯುತ್ತಿದ್ದ.

"ರೀ. ಆ ಕೊಂಡಿ ಬಿರುಕು ಬಿಟ್ಟಿದ್ದು ನಾನು ನೋಡಿದ್ದೆ. ಸರ್ವಿಸ್ ದಿನ. ನೋಡಿಯೂ ಕಳಿಸ್ಬಿಟ್ಟೆ."

ಅವನ ಸೂಜಿ ನಿಂತಿತು.

"ಅವಳಿಗೆ ಹೇಳಿದ್ಯಾ?"

"ಇಲ್ಲ."

"ಮಾಲಿಗೆ?"

"ಇಲ್ಲ."

"ಮತ್ತೆ ನಂಗ್ಯಾಕೆ ಹೇಳ್ತಿದೀಯ?" ಎಂದ. ಸಿಟ್ಟಿನಿಂದಲ್ಲ, ಅಳತೆ ತಪ್ಪಿದೆ ಎಂದು ಗಿರಾಕಿಗೆ ಹೇಳುವಾಗಿನ ದನಿಯಲ್ಲಿ. ಮತ್ತೆ ಸೂಜಿ ಎತ್ತಿಕೊಂಡ.

ಮರುದಿನ ಅವಳು ಬರಿಗೈಯಲ್ಲಿ ಹೋದಳು. ಟಪಾಲಕ್ಕನನ್ನು ಅಷ್ಟರಲ್ಲಿ ಮನೆಗೆ ಕಳಿಸಿದ್ದರು. ಮೊದಲ ಮಹಡಿಯ ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಮಂಚ. ಕಾಲು ಎರಡು ದಿಂಬಿನ ಮೇಲೆ. ಕುರ್ಚಿ ಎಳೆದುಕೊಳ್ಳದೆ, ನಿಂತೇ, ಮಿಷನಮ್ಮ ಎಲ್ಲ ಹೇಳಿದಳು. ರಿವೆಟ್ಟು, ಬಿರುಕು, ಸಿಕ್ಕಿಕೊಂಡ ಉಗುರು, ಗೋಡೆಯ ಮೇಲಿದ್ದ ಹೊಸ ತಲೆ, ಹತ್ತು ನಿಮಿಷ. ಸೂಪರ್‌ವೈಸರ ಮುಂದೆ 'ನೋಡಿದ್ದೆ' ಎಂದದ್ದನ್ನೂ ಬಿಡಲಿಲ್ಲ.

ಟಪಾಲಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೀದಿಯಲ್ಲಿ ಅವಳ ಬದಲಿಗೆ ಬಂದ ಹೊಸಬ ಯಾವುದೋ ಮನೆಯ ಬಾಗಿಲು ಹುಡುಕುತ್ತ ಕಾಗದ ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

"ಹೇಳ್ದೇ ಇದ್ದಿದ್ರೆ ಚೆನ್ನಾಗಿತ್ತು" ಎಂದಳು ಕೊನೆಗೆ. "ಇಷ್ಟು ದಿನ ಇದು ಯಾರ ತಪ್ಪೂ ಅಲ್ಲ ಅಂತ ಮಲಗ್ತಿದ್ದೆ. ಮಳೆ ಬಂತು, ಸಿಡಿಲು ಬಿತ್ತು, ಹಾಗೆ. ಇನ್ಮೇಲೆ ನೋವು ಬಂದಾಗ್ಲೆಲ್ಲ ನಿಮ್ಮ ಮುಖ ಕಣ್ಮುಂದೆ ಬರುತ್ತೆ."

ನಿಮ್ಮ ಎಂದಳು. ಮಿಷನಮ್ಮನಿಗೆ ಬೈಗುಳಕ್ಕಿಂತ ಆ ಮಾತು ಆಳಕ್ಕೆ ನೆಟ್ಟಿತು.

"ತಪ್ಪಾಯ್ತು ಕಣೇ."

"ಅದನ್ನ ಹೇಳ್ಬೇಡಿ. ಅದನ್ನಿಟ್ಕೊಂಡು ನಾನೇನು ಮಾಡ್ಲಿ?" ಟಪಾಲಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಅಂಥವು ಊರಲ್ಲಿ ಇನ್ನೂ ಎಷ್ಟಿವೆ?"

ಮಿಷನಮ್ಮ ಬೆರಳು ಮಡಚಿ ಎಣಿಸಿದಳು. ಆ ಲೆಕ್ಕವನ್ನು ಅವಳು ಇದುವರೆಗೆ ಹಾಕಿಯೇ ಇರಲಿಲ್ಲ. ತನ್ನ ಪಾಪ ಒಂದು ಕಾಲಿಗೇ ಮುಗಿಯಿತೆಂಬಂತೆ ಅದನ್ನೇ ತಬ್ಬಿಕೊಂಡು ಕೂತಿದ್ದಳು. "ಹತ್ತು" ಎಂದಳು.

"ಹತ್ತು ಜನ ಇವತ್ತೂ ಅದನ್ನ ಬೀಸ್ತಿದಾರೆ. ಗಾರ್ಡು ಇಲ್ದೆ. ನೀವು ಇಲ್ಲಿ ನಿಂತು ಅಳ್ತಿದೀರಿ."

"ಯಾರ್ಯಾರು ಅಂತ ನಂಗೆ ಮಿಷನ್ ನೋಡಿದ್ರೆ ಗೊತ್ತಾಗುತ್ತೆ. ಮನೆ ಗೊತ್ತಿಲ್ಲ."

"ನಂಗೆ ಗೊತ್ತು. ಅಲ್ಲಿಂದ ಕಾಗದ ತಗೊಳ್ಳಿ" ಎಂದಳು ಟಪಾಲಕ್ಕ.

ಮಿಷನಮ್ಮ ಒಬ್ಬೊಬ್ಬರನ್ನೇ ವರ್ಣಿಸುತ್ತ ಹೋದಳು. ಹಸಿರು ಟ್ಯಾಂಕಿನ ಹಳೇ ಮಿಷನ್, ಸದಾ ಮೂಗೊರೆಸಿಕೊಳ್ಳುವವನು. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದವನು, ಬಾಯಲ್ಲಿ ಎರಡು ಹಲ್ಲಿಲ್ಲ. ಟಪಾಲಕ್ಕ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು: "ಕೋಳಿಯವನು. ಕೆರೆ ಹಿಂದಿನ ಬೀದಿ, ನೀಲಿ ಗೇಟು, ನಾಯಿ ಇದೆ, ಕಚ್ಚಲ್ಲ." "ಅವರು ಬಾಡಿಗೆ ಮನೆ ಬದಲಾಯಿಸಿದ್ರು. ಈಗ ಗಿರಣಿ ಪಕ್ಕ." ಒಂಬತ್ತು ವಿಳಾಸವಾದವು. ಹತ್ತನೆಯವನು ಯಾರೋ ದಾರಿಹೋಕ; ವ್ಯಾನಿನ ಹಿಂದೆ ಮಿಷನ್ ಹಾಕಿಕೊಂಡು ಬಂದಿದ್ದ, ಚೈನಿನ ತಲೆ ಹಾಕಿಸಿಕೊಂಡು ಹೋದ. ಅವನ ಬಗ್ಗೆ ಮಿಷನಮ್ಮನಿಗೆ ನೆನಪಿದ್ದದ್ದು ಬಿಳಿ ವ್ಯಾನು ಮತ್ತು ಕೆಮ್ಮು, ಅಷ್ಟೆ.

ಆ ಸಂಜೆಯೇ ಅವಳು ಮಾಲಿಯ ಮನೆಗೆ ಹೋದಳು. ಅವನು ಕೇಳಿ ಕೂಗಾಡುತ್ತಾನೆ ಅಂದುಕೊಂಡಿದ್ದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ, "ಆವತ್ತು ನಿಮ್ಮಂಗಡೀಲಿ ಕೂತು ನಾನು ಅತ್ತಾಗ್ಲೂ ನಿಮಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದ. ಅವಳು ಹೂಂ ಎಂದಳು. ಅವನು ಒಳಗೆ ಹೋದ. ಬಾಗಿಲು ಹಾಕಲಿಲ್ಲ, ಮತ್ತೆ ಹೊರಗೂ ಬರಲಿಲ್ಲ.

ಬೆಳಿಗ್ಗೆ ಉದ್ಯಾನದ ಕಚೇರಿಗೆ ಹೋಗಿ ಹೇಳಿಕೆ ತಿದ್ದಿಸಿದಳು. ಸೂಪರ್‌ವೈಸರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಇದನ್ನ ಬರೆದ್ರೆ ನಮ್ಮ ಮಿಷನ್ನು ಇನ್ಮುಂದೆ ನಿಮ್ಮ ಹತ್ರ ಬರಲ್ಲಮ್ಮ. ಪೊಲೀಸ್ನೋರೂ ಕರೀಬಹುದು."

"ಬರೀರಿ ಸಾರ್."

ಕರೆದರು. ಎರಡು ದಿನ ಹೋಗಿ ಬೆಂಚಿನ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಳು. ಸುದ್ದಿ ಅಂಗಡಿಬೀದಿಗೆ ಹಬ್ಬಿತು. ಕೆಲವರು ಮುಖ ತಿರುಗಿಸಿದರು. ಕೆಲವರು, ಬಾಯ್ಮುಚ್ಚಿಕೊಂಡು ಇರಬಾರದಿತ್ತೇ ಎಂದು ಬುದ್ಧಿ ಹೇಳಿದರು. ಎರಡೂ ಒಂದೇ ಥರ ಚುಚ್ಚಿದವು.

ಆಮೇಲೆ ಚೀಟಿ ಹಿಡಿದು ಮನೆಮನೆ ಅಲೆಯಲು ಶುರುಮಾಡಿದಳು. ಚೀಲದಲ್ಲಿ ನೈಲಾನ್ ದಾರದ ತಲೆಗಳು, ಹೊಸ ಗಾರ್ಡುಗಳು, ಎರಡು ಸ್ಪ್ಯಾನರು. ಸುಲಭವಾಗಿ ಕೊಟ್ಟವರು ಕಡಿಮೆ. ಕೋಳಿಯವನು, "ಹಾರೋದಾದ್ರೆ ಇಷ್ಟರಲ್ಲೇ ಹಾರ್ತಿತ್ತು ಬಿಡಮ್ಮ" ಎಂದ. ಅವಳು ಅವನ ಕೈ ಹಿಡಿದು ಅವನ ಉಗುರನ್ನೇ ಕೊಂಡಿಯ ಮೇಲೆ ಎಳೆಸಿದಳು. ಉಗುರು ಸಿಕ್ಕಿಕೊಂಡಾಗ ಅವನು ತಾನೇ ಸ್ಪ್ಯಾನರ್ ಕೇಳಿ ಈಸಿಕೊಂಡ. ಸಸಿ ಮಾರುವ ಸೊಸೆ ತಕ್ಷಣ ಕೊಟ್ಟಳು, ಅತ್ತೆ, "ಇದನ್ನ ಹಾಕಿದ್ದೂ ನೀನೇ, ತೆಗೆಯೋಕೆ ಬಂದಿರೋದೂ ನೀನೇ, ನಾಳೆ ಇನ್ನೇನು ತರ್ತೀಯ ತಾಯಿ?" ಎಂದು ಮೂಗು ಮುರಿದಳು. ಮಿಷನಮ್ಮ ಬಿಚ್ಚಿದ ತಲೆಯನ್ನು ಚೀಲಕ್ಕೆ ಹಾಕಿಕೊಂಡಳು.

ಡ್ರಾಯಿಂಗ್ ಮೇಷ್ಟ್ರು ಸುತರಾಂ ಒಪ್ಪಲಿಲ್ಲ. ಎಪ್ಪತ್ತರ ಮುದುಕರು, ಒಂಟಿ ಜೀವ, ಹಿತ್ತಲೇ ಅವರ ಪ್ರಪಂಚ.

"ನಾನು ಬೂಟು ಹಾಕ್ತೀನಿ. ಕನ್ನಡಕ ಹಾಕ್ತೀನಿ. ಮೈತುಂಬ ಕೋಟು ಹಾಕ್ತೀನಿ. ನನಗೇನಾಗುತ್ತೆ?"

"ನಿಮಗೇನೂ ಆಗಲ್ಲ ಮೇಷ್ಟ್ರೇ."

"ಮತ್ತೆ?"

ಮಿಷನಮ್ಮ ಅವರ ಮಿಷನ್ ಎತ್ತಿ ಹೆಗಲಿಗೆ ಹಾಕಿಕೊಂಡಳು. "ನಾನೇ ಓಡಿಸ್ತೀನಿ. ಅಲ್ಲಿ ಕಾಂಪೌಂಡಿನಾಚೆ ಐವತ್ತು ಹೆಜ್ಜೆ ಹೋಗಿ, ರಸ್ತೆ ಮೇಲೆ ನಿಂತ್ಕೊಳ್ಳಿ. ಬೂಟು, ಕೋಟು ಬಿಚ್ಚಿಟ್ಟು ಹೋಗಿ. ಅವಳ ಮೈಮೇಲೆ ಅವೇನೂ ಇರ್ಲಿಲ್ಲ."

ಮೇಷ್ಟ್ರು ರಸ್ತೆಯ ಕಡೆ ನೋಡಿದರು. ಅಲ್ಲಿ ಯಾರೋ ಒಬ್ಬಳು ಸೊಪ್ಪಿನ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಅವಳು ದಾಟಿಹೋಗುವ ತನಕ ಅವರು ಅತ್ತಲೇ ನೋಡುತ್ತಿದ್ದರು.

"ಹೆದರಿಸ್ತೀಯಲ್ಲಮ್ಮ" ಎಂದು ಗೊಣಗಿದರು. "ತೆಗಿ. ಆದ್ರೆ ಆ ಮುಳ್ಳು ದಾರಕ್ಕೆ ಬಗ್ಗಲ್ಲ, ಈಗ್ಲೇ ಹೇಳಿದೀನಿ."

"ಆಗಲ್ಲ ಮೇಷ್ಟ್ರೇ, ಬಗ್ಗಲ್ಲ. ಅದನ್ನ ಮಚ್ಚಲ್ಲೇ ಕಡೀಬೇಕು. ನಾನು ಬಂದು ಕಡಿದುಕೊಡ್ತೀನಿ."

ಮುಂದಿನ ಎರಡು ಭಾನುವಾರ ಅವಳು ಗಂಡನನ್ನೂ ಕರೆದುಕೊಂಡು ಹೋಗಿ ಆ ಮುಳ್ಳು ಕಡಿದಳು. ಗಂಡನ ಬೆರಳಿಗೆ ಮುಳ್ಳು ನೆಟ್ಟು ಒಂದು ವಾರ ಸೂಜಿ ಹಿಡಿಯಲಾಗಲಿಲ್ಲ.

ಇಪ್ಪತ್ತು ದಿನದಲ್ಲಿ ಒಂಬತ್ತೂ ವಾಪಸು ಬಂದವು. ಒಂಬತ್ತರಲ್ಲಿ ನಾಲ್ಕಕ್ಕೆ ಬಿರುಕಿತ್ತು. ಗೋಡೆಯ ಮೇಲಿದ್ದ ಹನ್ನೆರಡನೆಯದನ್ನೂ ಸೇರಿಸಿ, ಲೇತಿನ ಅಂಗಡಿಯಲ್ಲಿ ಗ್ಯಾಸ್‌ನಿಂದ ಕೊಯ್ಯಿಸಿ ತುಂಡು ಮಾಡಿಸಿದಳು. ಕರಪತ್ರ ಕಳಿಸಿದ್ದವನಿಗೆ ಮೂರು ಪತ್ರ ಬರೆದಳು. ಮೂರೂ 'ಈ ವಿಳಾಸದಲ್ಲಿ ಯಾರೂ ಇಲ್ಲ' ಎಂಬ ಮುದ್ರೆ ಹೊತ್ತು ಮರಳಿದವು. ಬಿಳಿ ವ್ಯಾನಿನವನಿಗಾಗಿ ಬಸ್ ನಿಲ್ದಾಣದಲ್ಲಿ, ಪೆಟ್ರೋಲ್ ಬಂಕಿನಲ್ಲಿ ಚಿತ್ರ ಬಿಡಿಸಿದ ಚೀಟಿ ಅಂಟಿಸಿದಳು. ಚಿತ್ರ ಬರೆದುಕೊಟ್ಟವರು ಡ್ರಾಯಿಂಗ್ ಮೇಷ್ಟ್ರು. ಒಬ್ಬ ಫೋನ್ ಮಾಡಿದ. ಎರಡು ಬಸ್ ಹತ್ತಿ ಇಳಿದು ಹೋಗಿ ನೋಡಿದರೆ ಅವನ ಬಳಿ ಇದ್ದದ್ದು ಸೈಕಲ್ಲಿನ ಹಳೇ ಚೈನು.

ಮಾಲಿಗೆ ಮಿಷನ್ ಮರಳಿ ಸಿಕ್ಕಿತು. ಬೀದಿಯಲ್ಲಿ ಎದುರಾದರೆ ಅವನು ತಲೆಯಾಡಿಸುತ್ತಾನೆ, ನಿಲ್ಲುವುದಿಲ್ಲ. ಉದ್ಯಾನದ ಮಿಷನ್‌ಗಳು ಬೇರೆ ಊರಿಗೆ ರಿಪೇರಿಗೆ ಹೋಗುತ್ತವೆ. ಮಿಷನಮ್ಮನ ಅಂಗಡಿಯಲ್ಲಿ ಕೆಲಸ ಮೊದಲಿನ ಅರ್ಧವಾಗಿದೆ. ಈಗ ಅವಳು ವಾರಕ್ಕೆ ನಾಲ್ಕು ಸಲವಾದರೂ 'ಆಗಲ್ಲ' ಎನ್ನುತ್ತಾಳೆ.

ಟಪಾಲಕ್ಕನಿಗೆ ಏಳು ತಿಂಗಳಾದ ಮೇಲೆ ಅಂಚೆ ಕಚೇರಿಯ ಒಳಗೇ ಕೆಲಸ ಕೊಟ್ಟರು. ಕೋಲು ಊರಿಕೊಂಡು ಬರುತ್ತಾಳೆ, ಎತ್ತರದ ಸ್ಟೂಲಿನ ಮೇಲೆ ಕೂತು ಕಾಗದ ವಿಂಗಡಿಸುತ್ತಾಳೆ. ಬೀದಿಗಳನ್ನು ಅವಳು ಈಗ ವಿಳಾಸಗಳಲ್ಲೇ ನೋಡುವುದು. ಮಿಷನಮ್ಮ ವಾರಕ್ಕೊಮ್ಮೆ ಹೋಗುತ್ತಾಳೆ, ಸ್ಟ್ಯಾಂಪು ಬೇಕಿರಲಿ ಬೇಡದಿರಲಿ. ಹಳೆಯ ಸಲಿಗೆ ಮರಳಿಲ್ಲ. ನೀವು ಎನ್ನುವುದೂ ನಿಂತಿಲ್ಲ. ಕ್ಷಮಿಸಿದೆ ಎಂದು ಟಪಾಲಕ್ಕ ಹೇಳಿಲ್ಲ, ಮಿಷನಮ್ಮ ಕೇಳಿಲ್ಲ.

"ಸಿಕ್ತಾ?" ಎನ್ನುತ್ತಾಳೆ ಟಪಾಲಕ್ಕ, ಕಾಗದದಿಂದ ತಲೆ ಎತ್ತದೆ.

"ಇಲ್ಲ."

"ನಮ್ಮ ಟಪಾಲು ವ್ಯಾನಿನ ಡ್ರೈವರ್‌ಗಳಿಗೆಲ್ಲ ಹೇಳಿದೀನಿ. ಬಿಳಿ ವ್ಯಾನು, ಹಿಂದೆ ಹುಲ್ಲು ಮಿಷನ್ನು. ಕಂಡ್ರೆ ತಿಳಿಸ್ತಾರೆ."

ಮಿಷನಮ್ಮ ಕೌಂಟರಿನ ಈಚೆ ನಿಂತಿರುತ್ತಾಳೆ. ಹಿಂದಿನ ಸಾಲಿನಲ್ಲಿ ಯಾರಾದರೂ ಕೆಮ್ಮಿದರೆ ತಿರುಗಿ ಅವರ ಮುಖ ನೋಡುತ್ತಾಳೆ.